ಘಟ್ಟದ ಚಾರಣಕ್ಕೆ ಹೊರಡುವ ಮುನ್ನ ಕಲಿಯಬೇಕಾದ ಪ್ರಥಮ ಚಿಕಿತ್ಸೆ

ಮಂಗಳೂರಿನ ಅಥವಾ ಉಡುಪಿಯ ಪೇಟೆಯಲ್ಲಿ ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ, 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವ ತನಕ ಕಾಲು ಅಲುಗದಂತೆ ನೋಡಿಕೊಂಡರೆ ನಮ್ಮ ಹೊಣೆ ಬಹುಮಟ್ಟಿಗೆ ಮುಗಿಯುತ್ತದೆ. ಅದೇ ಅಪಘಾತ ಕುಮಾರಪರ್ವತದಲ್ಲಿ, ಗಿರಿಗದ್ದೆಯ ಭಟ್ಟರ ಮನೆ ದಾಟಿ ಮೇಲೇರಿದ ಮೇಲೆ ನಡೆದರೆ, ಆಂಬ್ಯುಲೆನ್ಸ್ ಕುಕ್ಕೆಯ ರಸ್ತೆಯಲ್ಲಿ ನಿಂತು ಕಾಯಬೇಕಾಗುತ್ತದೆ. ಗಾಯಾಳುವನ್ನು ಅಲ್ಲಿಯವರೆಗೆ ಹೊತ್ತು ಇಳಿಸಲು ಹಲವು ಗಂಟೆ ಹಿಡಿಯುತ್ತದೆ; ಆ ಗಂಟೆಗಳನ್ನು ನಿಭಾಯಿಸುವುದನ್ನೇ ಚಾರಣಿಗರು ಮುಖ್ಯವಾಗಿ ಕಲಿಯಬೇಕು.

ಮೂಲಪಾಠವನ್ನು ತರಬೇತುದಾರರಿಂದಲೇ ಕಲಿಯಿರಿ. ಭಾರತೀಯ ರೆಡ್‌ಕ್ರಾಸ್ ಸೊಸೈಟಿ ಮತ್ತು ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ನೀಡುತ್ತವೆ. ಪ್ರಜ್ಞೆ ತಪ್ಪಿ ಉಸಿರು ನಿಂತ ವಯಸ್ಕರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿಯಂತೆ ಒತ್ತಬೇಕು, 30 ಒತ್ತುಗಳಿಗೆ 2 ಉಸಿರು ಕೊಡಬೇಕು ಎಂಬುದನ್ನು ಓದಿ ತಿಳಿಯಬಹುದಾದರೂ, ಆ ಆಳಕ್ಕೆ ಎಷ್ಟು ಬಲ ಬೇಕೆಂಬುದು ತರಬೇತಿಯ ಬೊಂಬೆಯ ಮೇಲೆ ಕೈಯಿಟ್ಟಾಗಲೇ ಅರಿವಾಗುತ್ತದೆ. ಜಲಪಾತದ ಗುಂಡಿಯಲ್ಲಿ ಮುಳುಗಿ ಉಸಿರು ನಿಂತವರಿಗೆ ಮೊದಲು ಉಸಿರು ಕೊಟ್ಟು ಬಳಿಕ ಎದೆ ಒತ್ತಬೇಕು. ಹೊಟ್ಟೆ ಅಮುಕಿ ನೀರು ಹೊರತೆಗೆಯುವ ರೂಢಿ ಅಪಾಯಕಾರಿ, ಅದನ್ನು ಬಿಟ್ಟೇಬಿಡಬೇಕು.

ಮುರಿದ ಕೈಕಾಲಿಗೆ ಆಸರೆ ಕಟ್ಟುವುದನ್ನು ಮನೆಯ ಜಗಲಿಯಲ್ಲೇ ಅಭ್ಯಾಸ ಮಾಡಬಹುದು. ಗೆಳೆಯರೊಬ್ಬರನ್ನು ಮಲಗಿಸಿ, ಊರುಗೋಲನ್ನು ಕಾಲಿಗೆ ಒತ್ತಾಗಿಟ್ಟು, ಎಲುಬು ಚಾಚಿರುವೆಡೆ ಬಟ್ಟೆ ಮಡಚಿಟ್ಟು, ಪೆಟ್ಟಾದ ಜಾಗದ ಮೇಲಿನ ಹಾಗೂ ಕೆಳಗಿನ ಕೀಲುಗಳೆರಡೂ ಅಲುಗದಂತೆ ಬೈರಾಸಿನಿಂದ ಕಟ್ಟಿರಿ. ಅನಂತರ ಕಾಲ್ಬೆರಳಿನ ಉಗುರನ್ನು ಬಿಳಿಚುವವರೆಗೆ ಒತ್ತಿ ಬಿಡಿ. ಸುಮಾರು 2 ಸೆಕೆಂಡಿನೊಳಗೆ ಅದರ ಕೆಂಪು ಮರಳಬೇಕು. ಮರಳದಿದ್ದರೆ, ಅಥವಾ ಬೆರಳು ಜೋಮು ಹಿಡಿಯುತ್ತಿದೆಯೆಂದು ಅವರು ಹೇಳಿದರೆ, ಕಟ್ಟು ಬಿಗಿಯಾಗಿದೆಯೆಂದು ತಿಳಿದು ಸಡಿಲಿಸಿ. ಊತ ಏರುತ್ತಲೇ ಇರುವುದರಿಂದ, ಬೆಳಿಗ್ಗೆ ಸರಿಯಾಗಿದ್ದ ಕಟ್ಟು ಮಧ್ಯಾಹ್ನದ ಹೊತ್ತಿಗೆ ಬಿಗಿಯಾಗಬಹುದು. ಆದ್ದರಿಂದ ಈ ಪರೀಕ್ಷೆಯನ್ನೂ, ಜೊತೆಗೆ ನಾಡಿಬಡಿತ, ಉಸಿರಾಟ ಮತ್ತು ಎಚ್ಚರದ ಸ್ಥಿತಿಯನ್ನೂ ದಾರಿಯುದ್ದಕ್ಕೂ ಆಗಾಗ ನೋಡಿ, ಸಮಯಸಹಿತ ಬರೆದಿಡಬೇಕು. ನನ್ನ ದೃಷ್ಟಿಯಲ್ಲಿ, ದುಬಾರಿ ಔಷಧದ ಪೆಟ್ಟಿಗೆಗಿಂತ ಈ ಚೀಟಿಯೇ ಆಸ್ಪತ್ರೆಯ ವೈದ್ಯರಿಗೆ ಹೆಚ್ಚು ಉಪಕಾರಿ.

ಹಾವು ಕಚ್ಚಿದಾಗ ಏನು ಮಾಡಬಾರದೆಂಬುದನ್ನು ತಂಡದ ಪ್ರತಿಯೊಬ್ಬರೂ ತಿಳಿದಿರಬೇಕು. ಗಾಯವನ್ನು ಕುಯ್ಯಬಾರದು, ಬಾಯಿಂದ ಹೀರಬಾರದು, ಅದರ ಮೇಲ್ಭಾಗಕ್ಕೆ ಹಗ್ಗ ಬಿಗಿಯಬಾರದು, ಹಾವನ್ನು ಹಿಡಿಯಲೋ ಕೊಲ್ಲಲೋ ಹೋಗಬಾರದು. ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆದು, ಕಚ್ಚಿದ ಅಂಗವನ್ನು ಮುರಿದ ಅಂಗದಂತೆ ಕೋಲಿಗೆ ಕಟ್ಟಿ, ಸಾಧ್ಯವಾದಷ್ಟು ನಡೆಸದೆ ಹೊತ್ತೊಯ್ಯಬೇಕು. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಊತವಾಗಲಿ ಹೆಚ್ಚು ಕಾಣದಿರಬಹುದು. ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಅಪಾಯದ ಸೂಚನೆಗಳು. ನಮ್ಮಲ್ಲಿ ದೊರೆಯುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಾಗಿದ್ದು, ಘಟ್ಟದ ಗುಳಿಮಂಡಲಗಳು ಅದರಲ್ಲಿ ಸೇರಿಲ್ಲ. ಹಾಗಿದ್ದರೂ ಆ ಕಡಿತಕ್ಕೂ ಆಸ್ಪತ್ರೆಯ ಆರೈಕೆ ಬೇಕೇಬೇಕು. ನಾಟಿಮದ್ದಿನ ಮೇಲಿನ ನಂಬಿಕೆ ನಮ್ಮ ಮನೆಗಳಲ್ಲಿ ಆಳವಾಗಿದೆಯೆಂಬುದನ್ನು ಬಲ್ಲೆ. ಆದರೆ ವಿಷ ಏರುತ್ತಿರುವಾಗ ಅದಕ್ಕಾಗಿ ಕಳೆಯುವ ಒಂದು ಗಂಟೆ ಪ್ರಾಣಕ್ಕೇ ಎರವಾಗಬಹುದು.

ಚೀಲದಲ್ಲಿ ಕೈಗವಸು, ಗಾಜ್ ಬಟ್ಟೆ, ಕ್ರೇಪ್ ಬ್ಯಾಂಡೇಜ್, ಓಆರ್‌ಎಸ್ ಪೊಟ್ಟಣ, ಟಾರ್ಚ್, ಪೆನ್ನು ಹಾಗೂ ಒಣಬಟ್ಟೆಯಿದ್ದರೆ ಸಾಕು. ಮಳೆಗಾಳಿಗೆ ತೊಯ್ದು ನಡುಗುವವರಿಗೆ ಮೊದಲು ಬೇಕಾಗುವುದು ಆ ಒಣಬಟ್ಟೆಯೇ. ಇಂಬಳ ಕಚ್ಚಿದಲ್ಲಿ ರಕ್ತ ಬಹಳ ಹೊತ್ತು ಒಸರುತ್ತದೆ, ಏಕೆಂದರೆ ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ.

ಸಹಾಯ ಕೋರಲು ಕಳುಹಿಸುವುದಾದರೆ, ತಂಡ ಸಾಕಷ್ಟು ದೊಡ್ಡದಿದ್ದಲ್ಲಿ ಇಬ್ಬರನ್ನು ಜೊತೆಯಾಗಿ ಕಳುಹಿಸಿ, ಗಾಯಾಳುವಿನ ಬಳಿ ಕನಿಷ್ಠ ಒಬ್ಬರು ಉಳಿಯಿರಿ. ಹೋಗುವವರ ಕೈಯಲ್ಲಿ ಸ್ಥಳದ ಗುರುತು, ಗಾಯದ ವಿವರ, ಹೊತ್ತೊಯ್ಯಲು ಬೇಕಾದ ಜನರ ಸಂಖ್ಯೆ ಇವಿಷ್ಟೂ ಬರಹದಲ್ಲಿರಲಿ. ಮನೆಗೆ ಮರಳಿದ ಮೇಲೂ ಒಂದೆರಡು ವಾರ ಮೈಮೇಲೆ ಗಮನವಿರಲಿ; ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನೂ, ಉಣ್ಣಿ ಕಚ್ಚಿದ್ದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ, ಏಕೆಂದರೆ ಮಂಗನ ಕಾಯಿಲೆಯಾಗಲಿ ಇಲಿಜ್ವರವಾಗಲಿ ಆರಂಭದಲ್ಲಿ ಸಾಮಾನ್ಯ ಜ್ವರದಂತೆಯೇ ಕಾಣುತ್ತದೆ.