ಸಿಮೆಂಟ್ ಸೈಲೋ ಹೊರಗೋಡೆ: ಹಗ್ಗದಲ್ಲಿ ಇಳಿದು ತಪಾಸಣೆ, ದುರಸ್ತಿ ಮಾಡುವ ಕ್ರಮ

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ಕಡೆ ಓಡಾಡಿದವರಿಗೆ ಸೈಲೋಗಳು, ಅಂದರೆ ಸಿಮೆಂಟ್ ತುಂಬಿಡುವ ಎತ್ತರದ ಕಾಂಕ್ರೀಟ್ ಗೋಪುರಗಳು, ಹೊಸತಲ್ಲ. ಅವುಗಳ ಹೊರಗೋಡೆಯಲ್ಲಿ ಬಿರುಕು ಬಿಟ್ಟರೆ, ಕಾಂಕ್ರೀಟ್ ಉದುರಿ ಕಂಬಿ ಹೊರಗೆ ಕಂಡರೆ ನೆಲದಿಂದ ತುದಿಯವರೆಗೆ ಸಾರುವೆ ಕಟ್ಟಬೇಕು, ಇಲ್ಲವೇ ಮೇಲಿನಿಂದ ಹಗ್ಗದಲ್ಲಿ ಇಳಿಯಬೇಕು. ಉದಾಹರಣೆಗೆ 50 ಮೀಟರ್ ಎತ್ತರ, 15 ಮೀಟರ್ ವ್ಯಾಸದ ಸೈಲೋ ತೆಗೆದುಕೊಳ್ಳೋಣ. ಸುತ್ತಳತೆ ಸುಮಾರು 47 ಮೀಟರ್. ಒಂದು ಇಳಿತದಲ್ಲಿ ಒಬ್ಬರ ಕೈಗೆ ಎಡಬಲ ಸೇರಿ ಎರಡು ಮೀಟರ್ ಅಗಲ ಸಿಗುತ್ತದೆ. ಹಾಗಾಗಿ ಇಡೀ ಗೋಡೆ ನೋಡಲು 24 ಇಳಿತ ಬೇಕು.

ಓದಿ ಕಲಿಯುವ ಕೆಲಸ ಇದಲ್ಲ. ಬ್ರಿಟನ್ನಿನಲ್ಲಿ ಹುಟ್ಟಿದ ಇರಾಟಾ ಎಂಬ, ಹಗ್ಗದ ಮೇಲೆ ಕೆಲಸ ಮಾಡುವವರ ಸಂಸ್ಥೆಯ ಪದ್ಧತಿಯನ್ನೇ ನಮ್ಮಲ್ಲೂ ಹೆಚ್ಚಿನವರು ಪಾಲಿಸುತ್ತಾರೆ. ಅದರಲ್ಲಿ ಮೂರು ಹಂತಗಳಿವೆ. ಮೊದಲ ಹಂತದವರು ಎರಡನೆಯದಕ್ಕೆ ಹೋಗಲು ಕನಿಷ್ಠ 12 ತಿಂಗಳು ಮತ್ತು ಹಗ್ಗದ ಮೇಲೆ 1000 ಗಂಟೆ ಕೆಲಸ ಮುಗಿಸಿರಬೇಕು. ಸರ್ಟಿಫಿಕೇಟ್ ಮೂರು ವರ್ಷಕ್ಕೆ ಮಾತ್ರ. ತಂಡ ಎಷ್ಟೇ ಚಿಕ್ಕದಿದ್ದರೂ ಇಬ್ಬರಿಗಿಂತ ಕಡಿಮೆ ಇರಬಾರದು, ಅವರಲ್ಲೊಬ್ಬರು ಮೂರನೇ ಹಂತದ ಸೂಪರ್‌ವೈಸರ್ ಆಗಿರಲೇಬೇಕು. ಮುಂದೆ ಹೇಳುವುದೆಲ್ಲ ತರಬೇತಿ ಆದವರಿಗೆ, ಮತ್ತು ಅವರಿಂದ ಕೆಲಸ ಮಾಡಿಸುವ ಮೆಂಟೆನೆನ್ಸ್ ಎಂಜಿನಿಯರುಗಳಿಗೆ.

ಪರ್ಮಿಟ್ ಮತ್ತು ನೆಲದ ಬಂದೋಬಸ್ತು

ಕೆಲಸ ನಡೆಯುವಷ್ಟು ಹೊತ್ತು ಸೈಲೋಗೆ ಮಾಲು ತುಂಬುವುದು ನಿಲ್ಲಬೇಕು. ಫೀಡ್ ಲೈನಿಗೆ, ಮೇಲಿನ ಬ್ಯಾಗ್ ಫಿಲ್ಟರ್ (ಧೂಳು ಸೋಸುವ ಯಂತ್ರ) ಫ್ಯಾನಿಗೆ ಬೀಗ ಹಾಕಿ, ಕೀಲಿಯನ್ನು ತಂಡದವರೇ ಇಟ್ಟುಕೊಳ್ಳಬೇಕು. ಸೈಲೋ ತಲೆಯ ಮೇಲೆ ಮೊಬೈಲ್ ಆಂಟೆನಾ ಇದ್ದರೆ ಅದನ್ನೂ ಆಫ್ ಮಾಡಿಸಿ. ಕೆಳಗೆ ಗೋಡೆಯಿಂದ ಹತ್ತು ಮೀಟರಿಗೆ ಕಡಿಮೆಯಿಲ್ಲದಂತೆ ಬೇಲಿ ಹಾಕಿ ಒಬ್ಬರನ್ನು ಕಾವಲು ನಿಲ್ಲಿಸಿ. ಗಾಳಿ ಇದ್ದರೆ, ಕೆಳಗೆ ಚಾಚಿಕೊಂಡ ಯಾವುದಾದರೂ ಭಾಗಕ್ಕೆ ಬಡಿದು ಚೂರು ಸಿಡಿಯುವಂತಿದ್ದರೆ ಈ ಅಂತರ ಸಾಲದು. ಲಾರಿ ಲೋಡಿಂಗ್ ದಾರಿ ಅಲ್ಲೇ ಇದ್ದರೆ ದಾರಿ ಮುಚ್ಚಿಸಿ. "ಐದು ನಿಮಿಷ, ಒಂದು ಗಾಡಿ ಬಿಡಿ" ಎಂಬ ಮಾತಿಗೆ ಒಪ್ಪಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಆ ದಿನಗಳಲ್ಲಿ ಬೆಳಿಗ್ಗೆ ಆರಕ್ಕೇ ಶುರು ಮಾಡಿ, ಗುಡುಗಿನ ಸದ್ದು ಕೇಳಿದೊಡನೆ ಹಗ್ಗದಿಂದ ಇಳಿದುಬಿಡಿ.

ಆಂಕರ್ ಮತ್ತು ಅಂಚು

ಜೀವ ಉಳಿಯುವುದೂ ಹೋಗುವುದೂ ಇಲ್ಲೇ. ಒಳ್ಳೆಯ 11 ಮಿ.ಮೀ. ನೈಲಾನ್ ಹಗ್ಗ 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಮೇಲೆ ತಡೆಯುತ್ತದೆ. ಮನುಷ್ಯನ ತೂಕಕ್ಕೆ ಅದು ಹರಿಯುವುದಿಲ್ಲ. ಪ್ಯಾರಪೆಟ್ಟಿನ ಚೂಪು ಅಂಚಿಗೆ ಉಜ್ಜಿ ಕತ್ತರಿಸಿಹೋಗುತ್ತದೆ, ಇಲ್ಲವೇ ಕಟ್ಟಿದ ಜಾಗವೇ ಕಿತ್ತು ಬರುತ್ತದೆ. ಅದಕ್ಕೇ ಮೊದಲ ದಿನದ ಅರ್ಧ ಭಾಗವನ್ನು ಸೈಲೋ ತಲೆಯ ಮೇಲೇ ಕಳೆಯಿರಿ.

ಪ್ರತಿ ಆಂಕರ್, ಅಂದರೆ ಹಗ್ಗ ಕಟ್ಟುವ ಆಧಾರ, ಕನಿಷ್ಠ 15 ಕಿಲೋನ್ಯೂಟನ್ ತಡೆಯಬೇಕು. ರೇಲಿಂಗ್ ಪೈಪ್, ವೆಂಟ್ ಪೈಪ್, ಕೇಬಲ್ ಟ್ರೇ, ಏಣಿಯ ಮೆಟ್ಟಿಲು, ಇವು ಯಾವುವೂ ಆಂಕರ್ ಅಲ್ಲ. ಬಕೆಟ್ ಎಲಿವೇಟರಿನ ಅಥವಾ ಬ್ಯಾಗ್ ಫಿಲ್ಟರಿನ ಮುಖ್ಯ ಉಕ್ಕಿನ ತೊಲೆ, ಕಂಬ ಹುಡುಕಿ. ತುಕ್ಕು ಹಿಡಿದಿದ್ದರೆ ಬುಡದ ಬೋಲ್ಟ್ ಮತ್ತು ವೆಲ್ಡಿಂಗ್ ನೋಡದೆ ಕಟ್ಟಬೇಡಿ. ತೊಲೆಯ ಅಂಚು ಚೂಪಾಗಿರುವುದರಿಂದ ಬಟ್ಟೆಯ ಸ್ಲಿಂಗ್ (ತೊಲೆಗೆ ಸುತ್ತುವ ಪಟ್ಟಿ) ಬೇಡ, ಉಕ್ಕಿನ ವೈರ್ ಸ್ಲಿಂಗ್ ಹಾಕಿ. ಪಾಲಿಯೆಸ್ಟರ್ ಸ್ಲಿಂಗ್ ಬೇಡವೆನ್ನಲು ಇನ್ನೊಂದು ಕಾರಣವಿದೆ: ಒದ್ದೆಯಾದ ಸಿಮೆಂಟ್ ಪುಡಿ ತೀವ್ರ ಕ್ಷಾರ, ಪಾಲಿಯೆಸ್ಟರನ್ನು ಅದು ತಿನ್ನುತ್ತದೆ.

ಒಬ್ಬರಿಗೆ ಎರಡು ಹಗ್ಗ: ಒಂದು ಭಾರ ಹೊರುವ ವರ್ಕಿಂಗ್, ಇನ್ನೊಂದು ಅದು ಕೈಕೊಟ್ಟರೆ ಹಿಡಿಯುವ ಬ್ಯಾಕಪ್. ಎರಡಕ್ಕೂ ಬೇರೆಬೇರೆ ಆಂಕರ್. ಎರಡು ಆಂಕರ್ ಸೇರಿಸಿ ವೈ ಆಕಾರದಲ್ಲಿ ಕಟ್ಟುವಾಗ ನಡುವಿನ ಕೋನ 90 ಡಿಗ್ರಿ ದಾಟದಿರಲಿ. 90 ಡಿಗ್ರಿಯಲ್ಲಿ ಪ್ರತಿ ಆಂಕರ್ ಮೇಲೆ ಭಾರದ ಶೇ. 71 ಬೀಳುತ್ತದೆ. 120 ಆದರೆ ಪ್ರತಿಯೊಂದರ ಮೇಲೂ ಪೂರ್ತಿ ಭಾರ, ಇಬ್ಬಾಗ ಮಾಡಿದ ಪ್ರಯೋಜನವೇ ಇಲ್ಲ.

ಹಗ್ಗ ಗೋಡೆಯಾಚೆ ಬಾಗುವ ಕಡೆ ಎಡ್ಜ್ ರೋಲರ್ ಇಡಿ, ಬೇರೆಲ್ಲಾದರೂ ಉಜ್ಜುವಂತಿದ್ದರೆ ದಪ್ಪ ಕ್ಯಾನ್ವಾಸ್ ಕವಚ. ಕವಚವನ್ನು ಹಗ್ಗಕ್ಕಲ್ಲ, ಆಂಕರಿಗೆ ಕಟ್ಟಿ. ಹಗ್ಗಕ್ಕೆ ಕಟ್ಟಿದ್ದು ನಾಲ್ಕಾರು ಸಲ ಜಗ್ಗಿದ ಮೇಲೆ ಜಾರಿ ಕೆಳಗೆ ಸರಿದಿರುತ್ತದೆ, ಅಂಚು ಬರಿದಾಗಿದ್ದು ಕೆಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಇಳಿತ ಬದಲಿಸಿದಾಗಲೆಲ್ಲ ಮೇಲೆ ಹೋಗಿ ಕೈ ಮುಟ್ಟಿ ನೋಡಬೇಕು. ಹಗ್ಗದ ಕೆಳತುದಿಗೆ ತಡೆಗಂಟು ಕಡ್ಡಾಯ, ಹಗ್ಗ ನೆಲ ಮುಟ್ಟಿದರೂ ಸರಿ.

ರಕ್ಷಣೆಗೆ ಮೊದಲೇ ಕಟ್ಟಿ

ಪ್ರಜ್ಞೆ ತಪ್ಪಿ ಹಾರ್ನೆಸ್ಸಿನಲ್ಲಿ (ಮೈಗೆ ಕಟ್ಟಿಕೊಳ್ಳುವ ಪಟ್ಟಿ) ಅಲುಗಾಡದೆ ನೇತಾಡುವವರ ಕಾಲಿನಲ್ಲಿ ರಕ್ತ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ಫೈರ್ ಸರ್ವಿಸ್ ಬರುವವರೆಗೆ ಕಾಯುವಂತಿಲ್ಲ. ಆದ್ದರಿಂದ ಎರಡೂ ಹಗ್ಗದ ಮೇಲ್ತುದಿಯನ್ನು ಗಂಟಿನಿಂದ ಆಂಕರಿಗೆ ಬಿಗಿಯದೆ, ಆಂಕರಿಗೆ ಒಂದೊಂದು ಡಿಸೆಂಡರ್ (ಹಗ್ಗವನ್ನು ಹಿಡಿತದಲ್ಲಿಟ್ಟು ಬಿಡುವ ಸಾಧನ) ಹಾಕಿ, ಹಗ್ಗವನ್ನು ಅದರ ಮೂಲಕ ಹಾಯಿಸಿ ಲಾಕ್ ಮಾಡಿ. ಉಳಿದ ಹಗ್ಗ ಚೀಲದಲ್ಲಿರಲಿ. ಏನಾದರೂ ಆದರೆ ಸೂಪರ್‌ವೈಸರ್ ಮೇಲಿನಿಂದಲೇ ಎರಡೂ ಡಿಸೆಂಡರ್ ಬಿಡಿಸಿ, ಎರಡೂ ಹಗ್ಗವನ್ನು ಒಟ್ಟಿಗೆ ಬಿಡುತ್ತಾ ಆ ವ್ಯಕ್ತಿಯನ್ನು ನೆಲಕ್ಕಿಳಿಸಬಹುದು. ಯಾರೂ ಇಳಿದು ಹೋಗಬೇಕಿಲ್ಲ.

ಇದಕ್ಕೆ ಹಗ್ಗ ಹೆಚ್ಚು ಬೇಕು. ಕೆಳಗಿಳಿದಿರುವುದು 50 ಮೀಟರ್, ಆಂಕರಿನಿಂದ ಅಂಚಿನವರೆಗೆ 5, ಕೆಳಗೆ ಉಳಿಕೆ 5, ಮೇಲೆ ಚೀಲದಲ್ಲಿ 50: ಒಟ್ಟು 110 ಮೀಟರ್. 120 ಮೀಟರಿನ ಎರಡು ಹಗ್ಗ ತನ್ನಿ. ಹೊಸ ನೈಲಾನ್ ಹಗ್ಗ ಮೊದಲ ಸಲ ನೆಂದಾಗ ಕುಗ್ಗುತ್ತದೆ, ಅಳತೆಯಲ್ಲಿ ಅದಕ್ಕೂ ಜಾಗವಿರಲಿ. ಹೀಗೆ ಇಳಿಸುವಾಗ ಭಾರ ಹೊತ್ತ ಹಗ್ಗ ಅಂಚಿನ ಮೇಲೇ ಓಡುವುದರಿಂದ ಕ್ಯಾನ್ವಾಸ್ ಸಾಲದು, ರೋಲರೇ ಬೇಕು. ಕೆಲಸ ಶುರುವಾಗುವ ಮುನ್ನ ಒಮ್ಮೆ ನಿಜವಾಗಿಯೂ ಇಳಿಸಿ ನೋಡಿ.

ಇಳಿತ ಮತ್ತು ತಪಾಸಣೆ

ಅಂಚು ದಾಟುವ ಮುನ್ನ ಜೊತೆಗಾರರು ಪರಸ್ಪರ ಹಾರ್ನೆಸ್ ಬಕಲ್, ಡಿಸೆಂಡರಿನಲ್ಲಿ ಹಗ್ಗ ಹಾಕಿದ ದಿಕ್ಕು, ಕ್ಯಾರಬಿನರ್ (ಜೋಡಿಸುವ ಲೋಹದ ಕೊಂಡಿ) ಲಾಕ್ ಪರೀಕ್ಷಿಸಬೇಕು. ಬ್ಯಾಕಪ್ ಹಗ್ಗವನ್ನು ಹಿಡಿಯುವ ಬ್ಯಾಕಪ್ ಸಾಧನ ಸದಾ ಭುಜಕ್ಕಿಂತ ಮೇಲಿರಲಿ. ಅದು ಸೊಂಟದ ಕೆಳಗೆ ಜಾರಿದ್ದರೆ ಬಿದ್ದಾಗ ಬೀಳುವ ದೂರವೂ ಜಗ್ಗುವ ಬಲವೂ ಹೆಚ್ಚು. ಡಿಸೆಂಡರಿನಲ್ಲಿ ಸರ್ರನೆ ಇಳಿಯಬೇಡಿ, ಕಾದ ಲೋಹ ಹಗ್ಗದ ಹೊರಪದರವನ್ನು ಸುಡುತ್ತದೆ.

ಉತ್ತರ ದಿಕ್ಕಿನಿಂದ ಗಡಿಯಾರದ ಕ್ರಮದಲ್ಲಿ ಇಳಿತಗಳಿಗೆ 1ರಿಂದ 24ರವರೆಗೆ ನಂಬರ್ ಕೊಡಿ. ಮೇಲಿನಿಂದ ಟೇಪ್ ಇಳಿಬಿಟ್ಟರೆ ಪ್ರತಿ ದೋಷದ ಎತ್ತರ ಸಿಗುತ್ತದೆ. ಸುತ್ತಿಗೆಯಿಂದ ಅಂಗೈಯಗಲಕ್ಕೊಂದು ಏಟು ಕೊಡುತ್ತಾ ಬನ್ನಿ. ಗಟ್ಟಿ ಕಾಂಕ್ರೀಟ್ ಠಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಪೊಳ್ಳು ಸದ್ದು. ಪೊಳ್ಳು ಎಲ್ಲಿ ಮುಗಿಯುತ್ತದೋ ಅಲ್ಲಿ ಚಾಕ್‌ನಿಂದ ಗೆರೆ ಎಳೆದು, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ.

ಬಡಿದಾಗ ಪುಟಿಯುವ ಅಂಕಿಯಿಂದ ಗಡುಸುತನ ತಿಳಿಸುವ ರೀಬೌಂಡ್ ಹ್ಯಾಮರಿನಿಂದ ಪ್ರತಿ ಜಾಗದಲ್ಲಿ ಆರು ಏಟಿನ ಸರಾಸರಿ ತೆಗೆಯಿರಿ. ಹಳೆಯ ಗೋಡೆಯಲ್ಲಿ ಕಾರ್ಬೊನೇಷನ್ನಿಂದ (ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ಕ್ಷಾರ ಕಳೆಯುವುದು) ಮೇಲ್ಮೈ ಗಡುಸಾಗಿ ಅಂಕಿ ಏರುವುದರಿಂದ ಅದೊಂದನ್ನೇ ನಂಬಿ ಬಲ ಹೇಳಬೇಡಿ. ಉಳಿಯಿಂದ ಹೊಸದಾಗಿ ಒಡೆದ ಮುಖಕ್ಕೆ ಶೇ. 1ರ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿ. ಗುಲಾಬಿ ಬಣ್ಣ ಬಂದರೆ ಕ್ಷಾರ ಉಳಿದಿದೆ, ಬಣ್ಣ ಬರದಷ್ಟು ಆಳ ಕಾರ್ಬೊನೇಟ್ ಆಗಿದೆ. ಆ ಆಳ ಕಂಬಿ ಮುಟ್ಟಿದ್ದರೆ ತುಕ್ಕು ತಡೆಯುವ ರಕ್ಷಣೆ ಹೋಯಿತೆಂದೇ ಅರ್ಥ.

ಲಂಬ ಬಿರುಕುಗಳನ್ನು ಬೇರೆ ಪಟ್ಟಿ ಮಾಡಿ. ಒಳಗಿನ ಸಿಮೆಂಟ್ ಗೋಡೆಯನ್ನು ಹೊರಕ್ಕೆ ನೂಕುತ್ತದೆ, ಆ ಎಳೆತವನ್ನು ಹೊರುವುದು ಅಡ್ಡಕಂಬಿಗಳು. ನೇರ ಮೇಲಿಂದ ಕೆಳಕ್ಕೆ ಓಡುವ, ತುಂಬಿದಾಗ ಅಗಲಿ ಖಾಲಿಯಾದಾಗ ಕೂಡಿಕೊಳ್ಳುವ ಬಿರುಕು ಕಂಡರೆ ಗಾರೆ ತುಂಬಿ ಮುಚ್ಚಬೇಡಿ, ಸ್ಟ್ರಕ್ಚರಲ್ ಎಂಜಿನಿಯರಿಗೆ ಅದೇ ದಿನ ತಿಳಿಸಿ.

ದುರಸ್ತಿ

ಅಡ್ಡಕಂಬಿಯ ಹಿಂದಿನ ಕಾಂಕ್ರೀಟ್ ತೆಗೆಯುವ ಮುನ್ನ ಸೈಲೋ ಮಟ್ಟ ಎಷ್ಟು ಇಳಿಸಬೇಕು, ಒಮ್ಮೆಗೆ ಎಷ್ಟಗಲ ಒಡೆಯಬಹುದು ಎಂಬುದನ್ನು ಎಂಜಿನಿಯರ್ ಬರೆದು ಕೊಡಬೇಕು. ಅನುಮತಿ ಸಿಕ್ಕ ಮೇಲೆ ಸುತ್ತ ಅಂಚನ್ನು 10 ಮಿ.ಮೀ. ಆಳಕ್ಕೆ ನೇರವಾಗಿ ಕತ್ತರಿಸಿ. ಅಂಚು ತೆಳುವಾಗಿ ಹರಡಿದರೆ ಹೊಸ ಗಾರೆ ಅಲ್ಲಿಂದಲೇ ಏಳುತ್ತದೆ. ಕಂಬಿಯ ಹಿಂದೆ ಸುಮಾರು 20 ಮಿ.ಮೀ. ಬಿಡಿಸಿ, ವೈರ್ ಬ್ರಷ್ಷಿನಿಂದ ಹೊಳೆಯುವವರೆಗೆ ಉಜ್ಜಿ. ತುಕ್ಕು ತೆಗೆಯುವ ಆಸಿಡ್ ದ್ರಾವಣ ಹಗ್ಗದ ಹತ್ತಿರಕ್ಕೂ ತರಬೇಡಿ. ಕ್ಷಾರಕ್ಕೆ ಜಗ್ಗದ ನೈಲಾನ್ ಆಸಿಡ್‌ಗೆ ಕಣ್ಣಿಗೆ ಕಾಣದಂತೆ ಸೋಲುತ್ತದೆ.

ಗ್ರೈಂಡರ್ ಬಳಸುವಾಗ ಕೈ ಬಿಟ್ಟೊಡನೆ ನಿಲ್ಲುವ ಸ್ವಿಚ್ ಇರುವುದನ್ನೇ ಹಿಡಿಯಿರಿ. ಹಗ್ಗದ ಬಾಲವನ್ನು ಚೀಲದಲ್ಲಿ ತುಂಬಿ ಹಾರ್ನೆಸ್ಸಿಗೆ ತೂಗುಹಾಕಿ, ತಲೆ ಮೇಲಿನ ಹಗ್ಗಕ್ಕೆ ಕವಚ ಹಾಕಿ, ಡಿಸ್ಕ್ ಪೂರ್ತಿ ನಿಲ್ಲದೆ ಕೈ ಕೆಳಗಿಳಿಸಬೇಡಿ. ಚಿಕ್ಕ ಜಾಗಕ್ಕೆ ಉಳಿ ಸುತ್ತಿಗೆಯೇ ಲೇಸು. ಎಲ್ಲ ಉಪಕರಣಕ್ಕೂ ದಾರ ಕಟ್ಟಿರಬೇಕು. 8 ಕಿಲೋ ದಾಟಿದ್ದನ್ನು ಹಾರ್ನೆಸ್ಸಿಗೆ ಬೇಡ, ಬೇರೆ ಹಗ್ಗದಲ್ಲಿ ತೂಗುಬಿಡಿ.

ಕಂಬಿಗೆ ಜಿಂಕ್ ಪ್ರೈಮರ್ ಹಚ್ಚಿ ಒಣಗಿಸಿ. ಆಮೇಲೆ ಹಳೆಯ ಕಾಂಕ್ರೀಟಿಗೆ ಗಾರೆ ಅಂಟಿಸುವ ಬಾಂಡಿಂಗ್ ಕೋಟ್ ಬಳಿದು, ಅದು ಅಂಟಂಟಾಗಿರುವಾಗಲೇ ಪಾಲಿಮರ್ ಗಾರೆ ಒತ್ತಿ ತುಂಬಿ. ಒಣಗಿಹೋದ ಬಾಂಡಿಂಗ್ ಕೋಟ್ ಹಿಡಿಸುವ ಬದಲು ಬಿಡಿಸುತ್ತದೆ. ಹಗ್ಗದಲ್ಲಿ ನೇತಾಡುತ್ತಾ ಹಾಕಿದ ಪ್ಯಾಚ್‌ಗಳು ಬಿದ್ದುಹೋಗಲು ಇದೇ ದೊಡ್ಡ ಕಾರಣ, ಗಾರೆ ಮೇಲಿನಿಂದ ಇಳಿದು ಬರುವಷ್ಟರಲ್ಲಿ ಬಿಸಿಲಿಗೆ ಕೋಟ್ ಒಣಗಿರುತ್ತದೆ. ಗಾರೆ ಬಕೆಟ್ ಪಕ್ಕಕ್ಕೆ ಬಂದ ಮೇಲೆಯೇ ಕೋಟ್ ಬಳಿಯಿರಿ. ಒಮ್ಮೆಗೆ ಐದು ಕಿಲೋ ಮಾತ್ರ ಕಲಸಿ, ಬೇಸಿಗೆಯಲ್ಲಿ ತಣ್ಣೀರು ಬಳಸಿ. ನೀರುಣಿಸಲು ದಿನಕ್ಕೆ ಮೂರು ಸಲ ಇಳಿಯುವುದು ಆಗದ ಮಾತು, ಗಾರೆ ಗಟ್ಟಿಯಾಗುತ್ತಿದ್ದಂತೆ ತೇವ ಆರದಂತೆ ತಡೆಯುವ ಕ್ಯೂರಿಂಗ್ ಕಾಂಪೌಂಡ್ ಸಿಂಪಡಿಸಿ.

ಕೆಲಸ ಮುಗಿದ ಮೇಲೆ

ಸಿಮೆಂಟ್ ಪುಡಿ ಬೆವರಿಗೆ ಸೇರಿ ಬ್ಯಾಕಪ್ ಸಾಧನ ಮತ್ತು ಅಸೆಂಡರಿನ (ಹಗ್ಗ ಹತ್ತುವ ಸಾಧನ) ಹಲ್ಲುಗಳ ನಡುವೆ ಗಟ್ಟಿಯಾಗುತ್ತದೆ, ಆಗ ಹಗ್ಗ ಜಾರುತ್ತದೆ. ಪ್ರತಿದಿನ ಸಂಜೆ ಬ್ರಷ್ ಹಾಕಿ ತೊಳೆಯಿರಿ. ಹಗ್ಗವನ್ನು ಬರಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಅಂಗುಲ ಅಂಗುಲ ಬೆರಳಾಡಿಸಿ ನೋಡಿ. ಮೆತ್ತಗೆ ಕುಸಿದ, ಉಬ್ಬಿದ, ಹೊಳಪು ಬಂದ ಜಾಗ ಸಿಕ್ಕರೆ ಆ ಹಗ್ಗ ಮುಗಿಯಿತು. ಆರು ತಿಂಗಳಿಗೊಮ್ಮೆ ಪರಿಣತರಿಂದ ತಪಾಸಣೆ ಮಾಡಿಸಿ ನಂಬರ್ ಸಮೇತ ಪುಸ್ತಕದಲ್ಲಿ ಬರೆಸಿ. ತೆಗೆದುಹಾಕಿದ ಹಗ್ಗವನ್ನು ಸ್ಟೋರಿಗೆ ವಾಪಸ್ ಕೊಡದೆ ಒಂದೊಂದು ಮೀಟರಿನ ತುಂಡು ಮಾಡಿಬಿಡಿ.