ಅಧ್ಯಕ್ಷೀಯ ಸರ್ಕಾರ: ಒಂದು ಹಾಳೆ, ಮೂರು ಚೌಕದಲ್ಲಿ

1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ನಮ್ಮ ಬಳ್ಳಾರಿಯಲ್ಲಿ ನಿಂತಿದ್ದರಲ್ಲ, ಆ ಚುನಾವಣೆ ಯಾಕೆ ಬಂತು ಹೇಳಿ? ಸುಷ್ಮಾ ಅವರ ಕನ್ನಡ ಭಾಷಣ ಊರಲ್ಲಿ ಎಲ್ಲರಿಗೂ ನೆನಪಿದೆ, ಕಾರಣ ಮಾತ್ರ ಮರೆತೇಹೋಗಿದೆ. ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಲೋಕಸಭೆಯಲ್ಲಿ ಒಂದೇ ಓಟಿನಿಂದ ಬಿತ್ತು, 269ಕ್ಕೆ 270. ಅಮೆರಿಕದ ಹಾಗೆ ಅಧ್ಯಕ್ಷರೇ ಸರ್ಕಾರ ನಡೆಸುವ ಅಧ್ಯಕ್ಷೀಯ ಪದ್ಧತಿಯಲ್ಲಿ, ಸದನದ ವಿಶ್ವಾಸ ಹೋಯಿತು ಅಂತ ಇಂಥ ಚುನಾವಣೆ ಬರೋದೇ ಇಲ್ಲ. ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವವರು ಈ ಎಳೆ ಹಿಡಿದುಕೊಳ್ಳಿ, ಉರು ಹೊಡೆಯುವ ಕೆಲಸ ಅರ್ಧ ಕಡಿಮೆಯಾಗುತ್ತೆ.

ಹಾಳೆ ಮೇಲೆ ಮೂರು ಚೌಕ ಹಾಕಿ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಅಮೆರಿಕದಿಂದ ಶುರು ಮಾಡಿ. ಅಲ್ಲಿನ ಸಂವಿಧಾನದ ಮೊದಲ ಮೂರು ವಿಧಿಗಳೂ ಇದೇ ಸಾಲಿನಲ್ಲಿವೆ. ಕೆಳಗೆ ‘ಜನ’ ಅಂತ ಬರೆದು ಮೇಲಕ್ಕೆ ಗೆರೆ ಎಳೆಯಿರಿ. ನಮ್ಮಲ್ಲಾದರೆ ಗೆರೆ ಲೋಕಸಭೆಗೆ ಹೋಗುತ್ತೆ, ಪ್ರಧಾನಿ ಅದರ ಬಲದ ಮೇಲೆ ನಿಲ್ಲುತ್ತಾರೆ. ಅಲ್ಲಿ ಬೇರೆ ಬೇರೆ ಗೆರೆ ಬೇಕು. ಕೆಳಮನೆಯ 435 ಜನಕ್ಕೆ 2 ವರ್ಷ, ಮೇಲ್ಮನೆ ಸೆನೆಟ್‌ನ 100 ಜನಕ್ಕೆ 6 ವರ್ಷ, ಅಧ್ಯಕ್ಷರಿಗೆ 4 ವರ್ಷ. ಅಧ್ಯಕ್ಷರ ಗೆರೆ ಮಾತ್ರ ಸ್ವಲ್ಪ ಸುತ್ತು ಹಾಕುತ್ತೆ: ಜನ ಓಟು ಹಾಕಿ ಆರಿಸುವ 538 ಎಲೆಕ್ಟರ್‌ಗಳಲ್ಲಿ (ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು) 270 ಜನರ ಓಟು ಸಿಗಬೇಕು.

ಇನ್ನು ಮಂತ್ರಿಗಳು. ಜಾಸ್ತಿ ಜನ ಎಡವೋದು ಇಲ್ಲೇ. ನಮ್ಮಲ್ಲಿ ಸಂಸದರಲ್ಲದವರು ಮಂತ್ರಿಯಾದರೆ 6 ತಿಂಗಳೊಳಗೆ ಯಾವುದಾದರೂ ಸದನದ ಸದಸ್ಯರಾಗಲೇಬೇಕು. ಅಲ್ಲಿ ತದ್ವಿರುದ್ಧ. 2009ರಲ್ಲಿ ಹಿಲರಿ ಕ್ಲಿಂಟನ್ ವಿದೇಶಾಂಗ ಹೊಣೆ ಹೊರಲು ಸೆನೆಟ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಎರಡು ಚೌಕದಲ್ಲಿ ಒಬ್ಬರೇ ಕೂರುವಂತಿಲ್ಲ. ಮಂತ್ರಿಗಳನ್ನು ಅಧ್ಯಕ್ಷರು ಆರಿಸುತ್ತಾರೆ, ಸೆನೆಟ್ ಒಪ್ಪಬೇಕು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳದ್ದೂ ಇದೇ ದಾರಿ, ಆದರೆ ಅವರಿಗೆ ನಿವೃತ್ತಿ ವಯಸ್ಸು ಅಂತ ಇಲ್ಲ.

ಈಗ ಚೌಕಗಳ ನಡುವಿನ ಜಗಳ ಬರೆಯಿರಿ. ಸಂಸತ್ತು ಪಾಸು ಮಾಡಿದ ಮಸೂದೆಯನ್ನು ಅಧ್ಯಕ್ಷರು ವೀಟೊ ಮಾಡಬಹುದು, ಅಂದರೆ ಒಪ್ಪದೆ ತಡೆಯಬಹುದು, ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಓಟು ಬಿದ್ದರೆ ಆ ವೀಟೊ ನಡೆಯಲ್ಲ. ದುಡ್ಡಿನ ಬೀಗದ ಕೈ ಮಾತ್ರ ಸಂಸತ್ತಿನ ಹತ್ತಿರ. ನಮ್ಮಲ್ಲಿ ಬಜೆಟ್ ಸೋತರೆ ಸರ್ಕಾರ ಮನೆಗೆ ಹೋಗುತ್ತೆ. ಅಲ್ಲಿ ಅಧ್ಯಕ್ಷರು ಹಾಗೇ ಇರುತ್ತಾರೆ, ಆಫೀಸುಗಳಿಗೆ ಬೀಗ ಬೀಳುತ್ತೆ! 2018ರ ಡಿಸೆಂಬರ್‌ನಲ್ಲಿ ಶುರುವಾದ ಅಂಥದ್ದೊಂದು ಜಗ್ಗಾಟ 35 ದಿನ ನಡೆಯಿತು, ಪಾಪ, ಲಕ್ಷಾಂತರ ನೌಕರರು ಸಂಬಳವಿಲ್ಲದೆ ಕೂತರು.

ಹಾಗಾದರೆ ಅಧ್ಯಕ್ಷರನ್ನು ಇಳಿಸೋಕೆ ಆಗೋದೇ ಇಲ್ವಾ? ವಾಗ್ದಂಡನೆ ಇದೆ, ಆದರೆ ‘ವಿಶ್ವಾಸ ಇಲ್ಲ’ ಅಂದರೆ ಸಾಲದು, ಅಪರಾಧ ಹೊರಿಸಬೇಕು. ಕೆಳಮನೆಯಲ್ಲಿ ಬರೀ ಬಹುಮತ ಸಾಕು, ಸೆನೆಟ್‌ನಲ್ಲಿ ಮೂರನೇ ಎರಡು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್‌ಗೆ ವಿರುದ್ಧವಾಗಿ 35 ಓಟು, ಪರವಾಗಿ 19 ಬಿದ್ದವು, ಬೇಕಿದ್ದದ್ದು 36. ಒಂದು ಓಟಿನಿಂದ ವಾಜಪೇಯಿ ಹೋದರು, ಒಂದು ಓಟಿನಿಂದ ಜಾನ್ಸನ್ ಉಳಿದರು. ಇವತ್ತಿನವರೆಗೂ ಯಾವ ಅಮೆರಿಕ ಅಧ್ಯಕ್ಷರೂ ಹೀಗೆ ಕುರ್ಚಿ ಕಳೆದುಕೊಂಡಿಲ್ಲ.

ಇದೇ ಹಾಳೆಯನ್ನು ಬೇರೆ ದೇಶಕ್ಕೂ ಹಚ್ಚಿ ನೋಡಿ. ಫ್ರಾನ್ಸ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಸಂಸತ್ತು ಪ್ರಧಾನಿ ಬಾರ್ನಿಯೆ ಅವರನ್ನು ಬೀಳಿಸಿತು, ಅಧ್ಯಕ್ಷ ಮ್ಯಾಕ್ರನ್ ಅಲ್ಲೇ ಉಳಿದರು. ಅದು ಅರೆ ಅಧ್ಯಕ್ಷೀಯ, ಬೇರೆ ಹಾಳೆಗೆ ಹಾಕಿ.

ಕೊನೆಗೆ ಒಂದು ಮೂಲೆಯಲ್ಲಿ ‘ಕುರ್ಚಿ ಖಾಲಿಯಾದರೆ ಯಾರು?’ ಅಂತ ಬರೆಯಿರಿ. 2016ರಲ್ಲಿ ಬ್ರೆಜಿಲ್ ಸೆನೆಟ್ ಅಧ್ಯಕ್ಷೆ ದಿಲ್ಮಾ ರೂಸೆಫ್ ಅವರನ್ನು ಇಳಿಸಿದಾಗ ಚುನಾವಣೆ ಆಗಲಿಲ್ಲ, ಉಪಾಧ್ಯಕ್ಷ ಟೆಮರ್ ಬಂದು ಉಳಿದ ಅವಧಿ ಮುಗಿಸಿದರು. ದಕ್ಷಿಣ ಕೊರಿಯಾದಲ್ಲಿ ಉಪಾಧ್ಯಕ್ಷ ಹುದ್ದೆಯೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅಧ್ಯಕ್ಷ ಯೂನ್ ಅವರನ್ನು ವಜಾ ಮಾಡಿತು, 60 ದಿನದೊಳಗೆ, ಅಂದರೆ ಜೂನ್ 3ಕ್ಕೆ, ಜನ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು.