ಅಳತೆ ಟೇಪು ಮತ್ತು ನನ್ನ ಎಡಗಾಲು

ಎಡಗಾಲಿನ ಮೀನಖಂಡದ ಒಳಬದಿಯಲ್ಲಿ ಹಸಿರು ಹುರಿಯಂಥದ್ದೊಂದು ಎದ್ದು ಕಾಣತೊಡಗಿ ಎಷ್ಟೋ ವರ್ಷವಾಗಿತ್ತು. ನೋವಿರಲಿಲ್ಲ, ಹಾಗಾಗಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಾನು ಶಿಕ್ಷಕಿ, ದಿನಕ್ಕೆ ಐದಾರು ಗಂಟೆ ನಿಂತೇ ಇರುವ ಕೆಲಸ. ನಲವತ್ತು ದಾಟಿದ ಮೇಲೆ ಸಂಜೆ ಹೊತ್ತಿಗೆ ಕಾಲಿಗೆ ಕಲ್ಲು ಕಟ್ಟಿದಷ್ಟು ಭಾರ. ಕಾಲುಚೀಲ ಕಳಚಿದರೆ ಅದರ ಅಂಚು ಚರ್ಮದಲ್ಲಿ ಬಳೆಯ ಹಾಗೆ ಒತ್ತಿರುತ್ತಿತ್ತು. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರವಾಗುವುದು ಶುರುವಾದಾಗ ವೈದ್ಯರ ಹತ್ತಿರ ಹೋದೆ.

ಮಾತಿನಲ್ಲಿ ನಾವೆಲ್ಲ ‘ನರ ಉಬ್ಬಿದೆ’ ಅನ್ನುತ್ತೇವೆ. ಉಬ್ಬುವುದು ನರವಲ್ಲ, ಕಾಲಿನ ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ಅಭಿಧಮನಿ. ವೈದ್ಯರು ಇದನ್ನು ವೆರಿಕೋಸ್ ವೇನ್ಸ್ ಅನ್ನುತ್ತಾರೆ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನನ್ನು ನನ್ನನ್ನು ನಿಲ್ಲಿಸಿಯೇ ಮಾಡಿದರು. ಮೀನಖಂಡವನ್ನು ಕೈಯಲ್ಲಿ ಹಿಂಡಿದಾಗ ಪರದೆಯ ಮೇಲೆ ಒಂದು ಬಣ್ಣ ಚಿಮ್ಮಿತು. ಬಿಟ್ಟ ಕೂಡಲೇ ಇನ್ನೊಂದು ಬಣ್ಣ ತುಂಬಿಕೊಂಡಿತು. ಅದು ಕೆಳಕ್ಕೆ ವಾಪಸು ಸುರಿಯುತ್ತಿರುವ ರಕ್ತ. ಒಳಗಿನ ಕವಾಟ ಸರಿಯಿದ್ದರೆ ಆ ಹಿಮ್ಮುಖ ಹರಿವು ಅರ್ಧ ಸೆಕೆಂಡಿನೊಳಗೆ ನಿಲ್ಲಬೇಕು. ನನ್ನದು ಎರಡು ಸೆಕೆಂಡು ದಾಟಿಯೂ ನಿಂತಿರಲಿಲ್ಲ.

ಕೆಟ್ಟ ಅಭಿಧಮನಿಯನ್ನು ಒಳಗಿನಿಂದ ಬಿಸಿ ಮಾಡಿ ಮುಚ್ಚುವ ಲೇಸರ್ ಚಿಕಿತ್ಸೆ ಮಾಡಿಸಬಹುದು ಎಂದರು ವೈದ್ಯರು. ಆಳದ ರಕ್ತನಾಳಗಳು ಚೆನ್ನಾಗಿವೆ, ಚರ್ಮ ಇನ್ನೂ ಕೆಟ್ಟಿಲ್ಲ, ಆದ್ದರಿಂದ ಸ್ವಲ್ಪ ಕಾಯಲೂಬಹುದು ಎಂದೂ ಹೇಳಿದರು. ನಾನು ಕಾಯುವುದನ್ನು ಆರಿಸಿಕೊಂಡೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ಏನೇ ಮಾಡಿದರೂ ಕೆಟ್ಟ ಕವಾಟ ಸರಿಹೋಗುವುದಿಲ್ಲ, ಉಬ್ಬಿದ್ದು ಮಾಯವಾಗುವುದಿಲ್ಲ. ಹಿಡಿತಕ್ಕೆ ತರಬಹುದಾದದ್ದು ಭಾರ, ಊತ, ಸೆಳೆತ, ಚರ್ಮದ ಆರೋಗ್ಯ. ಹಚ್ಚಿದರೆ ಕರಗುತ್ತದೆ ಎಂದು ಮಾರುವ ಎಣ್ಣೆ, ಮುಲಾಮುಗಳನ್ನು ನಾನು ಮುಟ್ಟಲಿಲ್ಲ.

ನನ್ನ ಯೋಚನೆಯನ್ನೇ ಬದಲಿಸಿದ್ದು ಒಂದು ಲೆಕ್ಕ. ಅಲುಗಾಡದೆ ನಿಂತಾಗ ಕಾಲಿನ ಗಿಣ್ಣಿನ ಹತ್ತಿರ ಅಭಿಧಮನಿಯೊಳಗಿನ ಒತ್ತಡ ಸುಮಾರು 80–90 ಮಿ.ಮೀ. ಪಾದರಸ. ಆರೋಗ್ಯವಂತರು ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ, ಯಾಕೆಂದರೆ ಪ್ರತಿ ಹೆಜ್ಜೆಗೂ ಮೀನಖಂಡ ರಕ್ತನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕವಾಟ ಸೋತವರಲ್ಲಿ ಅಷ್ಟು ಇಳಿಯದಿದ್ದರೂ ಆ ಪಂಪು ಇದ್ದೇ ಇದೆ. ನನ್ನ ಕಾಲಿಗೆ ಪೆಟ್ಟು ಕೊಡುತ್ತಿದ್ದದ್ದು ಅಲ್ಲಾಡದೆ ನಿಲ್ಲುವುದು.

ಅಂದಿನಿಂದ ಕರಿಹಲಗೆಯ ಮುಂದೆ ನಿಂತಲ್ಲೇ ನಿಲ್ಲುವುದನ್ನು ಬಿಟ್ಟೆ. ಮಕ್ಕಳು ಬರೆದುಕೊಳ್ಳುವಾಗ ಬೆಂಚುಗಳ ನಡುವೆ ಓಡಾಡುತ್ತೇನೆ. ಪ್ರತಿ ಪಿರಿಯಡ್ಡಿಗೆ ಎರಡು ಸಲ, ಮೇಜು ಹಿಡಿದು, ಹಿಮ್ಮಡಿ ಎತ್ತಿ ಇಳಿಸುವುದು ಇಪ್ಪತ್ತು ಬಾರಿ. ಸಂಜೆ ಅರ್ಧ ಗಂಟೆ ಚುರುಕು ನಡಿಗೆ. ಜೊತೆಗೆ ಗಿಣ್ಣಿನ ಸ್ವಲ್ಪ ಮೇಲೆ ಪೆನ್ನಿನಲ್ಲಿ ಚುಕ್ಕೆಯಿಟ್ಟು ಬೆಳಿಗ್ಗೆ, ಸಂಜೆ ಟೇಪಿನಲ್ಲಿ ಅಳೆದು ಬರೆದಿಟ್ಟೆ. ಮೊದಲ ವಾರ ಬೆಳಿಗ್ಗೆ 23 ಸೆಂ.ಮೀ. ಇದ್ದದ್ದು ಸಂಜೆಗೆ 25.5. ಆರನೇ ವಾರದ ಹೊತ್ತಿಗೆ ಸಂಜೆಯ ಅಳತೆ 24.3ಕ್ಕೆ ಬಂದಿತ್ತು. ಆ ಪುಸ್ತಕ ಇಲ್ಲದಿದ್ದರೆ ನಾನು ಮಧ್ಯದಲ್ಲೇ ಕೈಬಿಡುತ್ತಿದ್ದೆ.

ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಉದ್ದ ಕಾಲುಚೀಲ, ಅಂದರೆ ಕಂಪ್ರೆಷನ್ ಸ್ಟಾಕಿಂಗ್ಸ್ ವಿಷಯದಲ್ಲಿ ತಪ್ಪು ಮಾಡಿದೆ. ಅಳತೆಯಿಲ್ಲದೆ, ಅಂದಾಜಿನಲ್ಲಿ ಕೊಂಡೆ. ಅದರ ಮೇಲಂಚು ಮಂಡಿಯ ಹಿಂದೆ ಸುರುಳಿ ಸುತ್ತಿಕೊಂಡು ದಾರ ಕಟ್ಟಿದಂತಾಯಿತು. ಸಂಜೆ ನೋಡಿದರೆ ಅಲ್ಲಿ ಕೆಂಪು ಗೀರು, ಕೆಳಗೆ ಮೊದಲಿಗಿಂತ ಹೆಚ್ಚು ಊತ. ಎರಡನೇ ಸಲ ವೈದ್ಯರು ಮೊದಲು ಗಿಣ್ಣಿನ ಮತ್ತು ತೋಳಿನ ರಕ್ತದೊತ್ತಡ ಹೋಲಿಸಿ ನೋಡಿದರು. ಕಾಲಿಗೆ ರಕ್ತ ತರುವ ಅಪಧಮನಿ ಕಿರಿದಾಗಿದ್ದವರಿಗೆ ಈ ಬಿಗಿ ಅಪಾಯ. ಸಕ್ಕರೆ ಕಾಯಿಲೆ ಇರುವವರು, ಧೂಮಪಾನ ಮಾಡುವವರು ಈ ಪರೀಕ್ಷೆಯಿಲ್ಲದೆ ದಯವಿಟ್ಟು ಹಾಕಿಕೊಳ್ಳಬೇಡಿ. ಆಮೇಲೆ ಬೆಳಿಗ್ಗೆ, ಊತವಿಲ್ಲದಾಗ, ಗಿಣ್ಣು, ಮೀನಖಂಡ, ಉದ್ದ ಮೂರನ್ನೂ ಅಳೆದು ಮಂಡಿಯವರೆಗಿನ, ‘ಕ್ಲಾಸ್ 2’ ಬಿಗಿಯ ಸ್ಟಾಕಿಂಗ್ಸ್ ಕೊಟ್ಟರು. ಅದರ ಒತ್ತಡ 23–32 ಮಿ.ಮೀ. ಪಾದರಸ.

ಅದನ್ನು ಹಾಕಿಕೊಳ್ಳುವುದು ಸಾಮಾನ್ಯ ಕಾಲುಚೀಲದ ಹಾಗಲ್ಲ. ಎದ್ದ ಕೂಡಲೇ, ಮಂಚದ ಅಂಚಿನಲ್ಲಿ ಕೂತೇ ಹಾಕಬೇಕು. ಕೈ ಒಳಗೆ ಬಿಟ್ಟು ಹಿಮ್ಮಡಿಯ ಜಾಗ ಹಿಡಿದು ಒಳಹೊರಗು ಮಾಡುತ್ತೇನೆ, ಪಾದದ ಭಾಗ ಚೀಲದ ಹಾಗೆ ಒಳಗೇ ಉಳಿಯುತ್ತದೆ. ಅದರೊಳಗೆ ಕಾಲಿಟ್ಟು, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ಮೇಲಕ್ಕೆ ಹರಡುತ್ತಾ ಹೋಗಬೇಕು. ಅಂಚು ಹಿಡಿದು ಎಳೆಯಬಾರದು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗೈಯಲ್ಲಿ ನೀವಿದರೆ ಬಟ್ಟೆ ತಾನಾಗಿ ಸರಿಯುತ್ತದೆ, ಸುಕ್ಕು ಉಳಿಯುವುದಿಲ್ಲ. ಮೊದಲ ದಿನ ಕಾಲು ಗಂಟೆ ಹಿಡಿದದ್ದು ಈಗ ಎರಡು ನಿಮಿಷದ ಕೆಲಸ. ಮಲಗುವಾಗ ತೆಗೆಯುತ್ತೇನೆ, ಆರು ತಿಂಗಳಿಗೊಮ್ಮೆ ಹೊಸದು ಕೊಳ್ಳುತ್ತೇನೆ. ಹಳೆಯದು ನೋಡಲು ಚೆನ್ನಾಗಿದ್ದರೂ ಬಿಗಿ ಹೋಗಿರುತ್ತದೆ.

ಸಂಜೆ ಹದಿನೈದು ನಿಮಿಷ ಮಲಗಿ, ಕಾಲು ಎದೆಗಿಂತ ಎತ್ತರಕ್ಕೆ. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚಿದರೆ ಸಾಲದು. ಮಲಗುವ ಮುನ್ನ ಮಂಡಿಯಿಂದ ಕೆಳಗೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಸವರುತ್ತೇನೆ. ಈ ಕಾಲಿನ ಚರ್ಮ ಬೇಗ ಒಣಗಿ ತುರಿಸುತ್ತದೆ. ಕೆರೆದ ಚಿಕ್ಕ ಗಾಯವೇ ತಿಂಗಳುಗಟ್ಟಲೆ ಮಾಯದ ಹುಣ್ಣಾಗಬಹುದು.

ಉಬ್ಬಿದ ಜಾಗ ಒಡೆದು ರಕ್ತ ಬಂದರೆ ನಿಂತು ನೋಡುತ್ತಿರಬೇಡಿ. ತಕ್ಷಣ ಮಲಗಿ, ಕಾಲು ಮೇಲೆತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿಯಿರಿ, ಆಮೇಲೆ ಆಸ್ಪತ್ರೆಗೆ ಹೋಗಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಅದು ಆಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು, ಅವತ್ತೇ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯಬಾರದು.

ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತೇನೆ. ಇದು ಆರನೇ ವರ್ಷ. ಹಿಮ್ಮುಖ ಹರಿವು ಹಾಗೇ ಇದೆ, ಹಸಿರು ಹುರಿಯೂ ಇದೆ. ರಾತ್ರಿಯ ಸೆಳೆತ ಮಾತ್ರ ನಿಂತಿದೆ. ಗಿಣ್ಣಿನ ಮೇಲೆ ಚರ್ಮ ಕಂದು ಬಣ್ಣಕ್ಕೆ ತಿರುಗಿದರೆ ಅಥವಾ ಗಡುಸಾದರೆ ಮತ್ತೆ ಮುಂದೂಡದೆ ಲೇಸರ್ ಮಾಡಿಸಿಕೊಳ್ಳುವುದೆಂದು ವೈದ್ಯರ ಜೊತೆ ಮಾತಾಗಿದೆ. ಅದಕ್ಕಾಗಿ ಪ್ರತಿ ತಿಂಗಳ ಮೊದಲ ಭಾನುವಾರ, ಅದೇ ಕಿಟಕಿಯ ಬೆಳಕಿನಲ್ಲಿ, ಎಡಗಾಲಿನ ಒಳಬದಿಯ ಒಂದು ಫೋಟೊ ತೆಗೆದು ಹಿಂದಿನದರ ಪಕ್ಕಕ್ಕಿಟ್ಟು ನೋಡುತ್ತೇನೆ.